ಲಂಡನ್ ಪುರದ ಪೋಲೀಸರ ಲಾಂಛನ

ಸರಕಾರಿ ಕಚೇರಿಯ ಜವಾನನ ಡವಾಲಿಯ ಮೇಲೆ ಹಿತ್ತಾಳೆಯದೊಂದು ಬಿಲ್ಲೆ ಇರುತ್ತಿದ್ದುದನ್ನು ನಮ್ಮಲ್ಲಿ ಹಿರಿಯರು ಕಂಡಿದ್ದಾರೆ. ಅದರ ಮೇಲೆ ಕೊರೆದಿದ್ದ ಅಕ್ಷರಗಳನ್ನು ಓದಬಲ್ಲವರು ಹಳ್ಳಿಯಲ್ಲಿ ನಾಲ್ಕೈದು ಮಂದಿಯಿದ್ದರೆ ಹೆಚ್ಚು. ಆದರೂ ಬಿಲ್ಲೆಯನ್ನು ಕಂಡೊಡನೆ ಜಗಲಿಯ ಮೇಲೆ ಕುಳಿತವರು ಎದ್ದು ನಿಲ್ಲುತ್ತಿದ್ದರು. ಈ ಮನುಷ್ಯ ಯಾರ ಕಡೆಯವನು, ಯಾರ ಮಾತನ್ನು ಹೊತ್ತು ತಂದಿದ್ದಾನೆ ಎಂಬ ಪ್ರಶ್ನೆಗೆ ಆ ಲೋಹದ ತುಂಡೇ ಉತ್ತರವಾಗಿತ್ತು. ಪೋಲೀಸನ ಟೋಪಿಯ ಮೇಲಿನ ಲಾಂಛನವೂ ಇದೇ ಬಗೆಯದು. ಅದನ್ನು ಅಲಂಕಾರವೆಂದು ಭಾವಿಸುವುದು ತಪ್ಪಾಗುತ್ತದೆ. ಅದು ಅಧಿಕಾರದ ವಿಳಾಸ.

ಗಡಿನಾಡಿನವರಾದ ನಮಗೆ ಈ ವಿಳಾಸ ಬದಲಾಗುವುದೆಂದರೇನೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಮದ್ರಾಸ್ ರಾಜ್ಯದಿಂದ ಕೇರಳಕ್ಕೆ ಸೇರಿತು. ಊರು ಇದ್ದಲ್ಲೇ ಇತ್ತು, ಠಾಣೆಯೂ ಇದ್ದಲ್ಲೇ ಇತ್ತು. ಠಾಣೆಯ ಮೇಲಿನ ರಾಜ್ಯದ ಹೆಸರು ಮಾತ್ರ ಬೇರೆಯಾಯಿತು. ನಮ್ಮ ದೇಶದಲ್ಲಿ ಪೋಲೀಸು ಪಡೆ ರಾಜ್ಯ ಸರಕಾರದ್ದು. ಆದುದರಿಂದ ರಾಜ್ಯದ ಲಾಂಛನವೇ ಪೋಲೀಸರ ಲಾಂಛನ. ದೊಡ್ಡ ನಗರಗಳಿಗೂ ಇದೇ ನಿಯಮ. ಕಲ್ಕತ್ತ, ಮದ್ರಾಸು, ಮುಂಬಯಿಗಳಿಗೆ 1856ರ ಕಾಯಿದೆಯಂತೆ ಪೋಲೀಸ್ ಕಮಿಷನರರು ನೇಮಕವಾದಾಗ ಅವರನ್ನು ನೇಮಿಸಿದ್ದು ಸರಕಾರವೇ ಹೊರತು ಆ ನಗರಗಳ ಪೌರಸಭೆಗಳಲ್ಲ. ಬೆಂಗಳೂರಿಗೆ 1963ರಲ್ಲಿ ಕಮಿಷನರರು ಬಂದಾಗಲೂ ಹಾಗೆಯೇ. ಅಲ್ಲಿಯ ಪೋಲೀಸರ ಲಾಂಛನದಲ್ಲಿರುವುದು ರಾಜ್ಯದ ಗಂಡಭೇರುಂಡ.

ಹೀಗಿರಲು, ಊರಿನ ಪೌರಸಭೆಯೇ ಪೋಲೀಸರನ್ನು ನೇಮಿಸಿ, ಊರಿನ ಮುದ್ರೆಯನ್ನೇ ಅವರ ತಲೆಯ ಮೇಲೆ ಇಟ್ಟ ಸ್ಥಳ ಎಲ್ಲಾದರೂ ಉಂಟೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಉಂಟು, ಬ್ರಿಟನ್ನಿನಲ್ಲಿ ಹಿಂದೆ ಅಂಥ ಊರುಗಳು ಹಲವಿದ್ದುವು. ಅವುಗಳಲ್ಲಿ ಇಂದಿಗೂ ಉಳಿದುಕೊಂಡಿರುವ ಒಂದನ್ನು ಕುರಿತು ಬರೆಯುವುದು ನಮ್ಮ ಉದ್ದೇಶ. ಅದು ಲಂಡನ್ನಿನ ಒಳಗೇ ಇದೆ.

ಲಂಡನ್ ಎಂದು ನಾವು ಭೂಪಟದಲ್ಲಿ ಬೆರಳಿಟ್ಟು ತೋರಿಸುವುದು ಮಹಾನಗರವನ್ನು. ಆ ಮಹಾನಗರದ ನಡುವೆ, ಥೇಮ್ಸ್ ನದಿಯ ಉತ್ತರ ದಡದಲ್ಲಿ, ಒಂದು ಚದರ ಮೈಲಿಗಿಂತ ತುಸುವೇ ಹೆಚ್ಚಾದ ನೆಲವೊಂದಿದೆ. ಹೆಚ್ಚು ಕಡಮೆ ರೋಮನರು ಕಟ್ಟಿದ ಗೋಡೆಯ ಒಳಗಣ ಹಳೆಯ ಊರೇ ಇದು. ಇಂಗ್ಲಿಷರು ಇದನ್ನು 'ಸಿಟಿ' ಎಂದಷ್ಟೇ ಕರೆಯುತ್ತಾರೆ. ಗೊಂದಲವಾಗದಿರಲೆಂದು ನಾವು ಈ ಲೇಖನದಲ್ಲಿ ಇದನ್ನು 'ಪುರ' ಎಂದೂ ಸುತ್ತಲಿನದನ್ನು 'ಮಹಾನಗರ' ಎಂದೂ ಕರೆಯುತ್ತೇವೆ. 2021ರ ಜನಗಣತಿಯಲ್ಲಿ ಪುರದ ನಿವಾಸಿಗಳು ಸುಮಾರು 8,600 ಮಾತ್ರ. ಆದರೆ ಬ್ಯಾಂಕುಗಳೂ ವಿಮಾ ಸಂಸ್ಥೆಗಳೂ ಕಿಕ್ಕಿರಿದಿರುವ ಈ ಸ್ಥಳಕ್ಕೆ ಕೆಲಸಕ್ಕೆಂದು ಬರುವವರ ಸಂಖ್ಯೆ ಲಕ್ಷಗಳಲ್ಲಿದೆ. ಪುರಕ್ಕೆ ತನ್ನದೇ ಪೌರಸಭೆಯುಂಟು, ತನ್ನದೇ ಲಾರ್ಡ್ ಮೇಯರ್ ಉಂಟು, ತನ್ನದೇ ಪೋಲೀಸು ಪಡೆಯುಂಟು.

ಈ ಪಡೆ ಬೇರೆಯಾಗಿ ಉಳಿದದ್ದು ಆಕಸ್ಮಿಕವಲ್ಲ. ಪುರವು ವಾರ್ಡುಗಳಾಗಿ ವಿಂಗಡವಾಗಿತ್ತು. ಪ್ರತಿ ವಾರ್ಡಿನವರೂ ತಮ್ಮ ಬೀದಿಗಳಿಗೆ ರಾತ್ರಿಯ ಕಾವಲನ್ನು ತಾವೇ ಒದಗಿಸಬೇಕಿತ್ತು. 1285ರ ವಿಂಚೆಸ್ಟರ್ ಶಾಸನದ ಕಾಲದಿಂದ ಈ ಕಟ್ಟಳೆ ನಡೆದುಬಂದಿತ್ತು. ನಮ್ಮ ಹಳ್ಳಿಗಳ ತಳವಾರನನ್ನು ನೆನೆದರೆ ಇದರ ಸ್ವರೂಪ ತಿಳಿಯುತ್ತದೆ. ತಳವಾರನು ಊರಿನವನು, ಅವನ ಜೀವನೋಪಾಯ ಊರಿನದು, ಕಳವಾದರೆ ಊರಿಗೆ ಉತ್ತರ ಹೇಳಬೇಕಾದವನೂ ಅವನೇ. 1829ರಲ್ಲಿ ಸರ್ ರಾಬರ್ಟ್ ಪೀಲನು ಮಹಾನಗರಕ್ಕೆ ಹೊಸ ಪೋಲೀಸು ಪಡೆಯನ್ನು ರಚಿಸಿದಾಗ ಅದು ಗೃಹಮಂತ್ರಿಗೆ, ಎಂದರೆ ಸರಕಾರಕ್ಕೆ, ಅಧೀನವಾಗಿತ್ತು. ಪುರದವರು ಅದಕ್ಕೆ ಸೇರಲು ಒಪ್ಪಲಿಲ್ಲ. ಪೀಲನೂ ಅವರನ್ನು ಕೆಣಕಲು ಹೋಗದೆ ಪುರವನ್ನು ಕಾಯಿದೆಯಿಂದ ಹೊರಗಿಟ್ಟನು. ಪುರದವರು ತಮ್ಮ ಹಳೆಯ ಕಾವಲನ್ನು ತಾವೇ ತಿದ್ದಿಕೊಂಡರು. ಕೊನೆಗೆ 1839ರಲ್ಲಿ ಪಾರ್ಲಿಮೆಂಟು ಪುರಕ್ಕೆಂದೇ ಪ್ರತ್ಯೇಕ ಪೋಲೀಸ್ ಕಾಯಿದೆಯನ್ನು ಮಾಡಿತು. ಅದರಂತೆ ಕಮಿಷನರನನ್ನು ಆರಿಸುವವರು ಪುರದ ಸಭೆಯವರು. ಒಪ್ಪಿಗೆ ನೀಡುವವರು ಮಾತ್ರ ರಾಜರು. ಮೊದಲ ಕಮಿಷನರ್ ಡೇನಿಯಲ್ ವಿಟ್ಲ್ ಹಾರ್ವೆ 1863ರವರೆಗೆ ಆ ಸ್ಥಾನದಲ್ಲಿದ್ದನು.

ಆ ಕಾಲದಲ್ಲಿ ಬ್ರಿಟನ್ನಿನ ಪೋಲೀಸರ ಕೈದೊಣ್ಣೆಯ ಮೇಲೆ ಲಾಂಛನವನ್ನು ಬಣ್ಣದಲ್ಲಿ ಬರೆಯುವ ಪದ್ಧತಿಯಿತ್ತು. ದೊಣ್ಣೆಯು ಹೊಡೆಯುವ ಸಾಧನವೂ ಹೌದು, ಅಧಿಕಾರಪತ್ರವೂ ಹೌದು. ದೊಣ್ಣೆಯ ಮೇಲೆ ಬರೆದ ಚಿತ್ರವೇ ಆ ಮನುಷ್ಯನಿಗೆ ಹಿಡಿಯುವ ಹಕ್ಕನ್ನು ಕೊಟ್ಟವರು ಯಾರೆಂಬುದನ್ನು ಸಾರುತ್ತಿತ್ತು.

ಇನ್ನು ಲಾಂಛನಕ್ಕೆ ಬರೋಣ. ಪುರದ ಪೋಲೀಸರು ಧರಿಸುವುದು ಪುರದ ಲಾಂಛನವನ್ನೇ. ಬಿಳಿಯ ಗುರಾಣಿ, ಅದರ ತುಂಬ ಕೆಂಪು ಶಿಲುಬೆ. ಇದು ಇಂಗ್ಲೆಂಡಿನ ರಕ್ಷಕನೆನಿಸಿದ ಸಂತ ಜಾರ್ಜನ ಶಿಲುಬೆ. ಶಿಲುಬೆಯಿಂದ ನಾಲ್ಕು ಭಾಗವಾದ ಗುರಾಣಿಯ ಮೊದಲ ಭಾಗದಲ್ಲಿ, ಎಂದರೆ ನೋಡುವವರ ಎಡಗಡೆಯ ಮೇಲ್ಮೂಲೆಯಲ್ಲಿ, ಮೊನೆ ಮೇಲಾಗಿ ನಿಂತ ಒಂದು ಕೆಂಪು ಕತ್ತಿ. ಗುರಾಣಿಯನ್ನು ಎರಡೂ ಕಡೆಯಿಂದ ಹಿಡಿದು ನಿಂತ ಬಿಳಿಯ ಘಟಸರ್ಪಗಳು ಎರಡು. ಅವುಗಳ ರೆಕ್ಕೆಗಳ ಒಳಮೈಯಲ್ಲಿಯೂ ಕೆಂಪು ಶಿಲುಬೆ. ಮೇಲೆ ಒಂದು ಶಿರಸ್ತ್ರಾಣ, ಅದರ ಮುಡಿಯಲ್ಲಿ ಘಟಸರ್ಪದ ಒಂದು ರೆಕ್ಕೆ. ಕೆಳಗೆ ಲ್ಯಾಟಿನ್ ಧ್ಯೇಯವಾಕ್ಯ: 'ದೋಮಿನೆ ದಿರಿಜೆ ನೋಸ್'. 'ಪ್ರಭುವೇ, ನಮ್ಮನ್ನು ನಡೆಸು' ಎಂದು ಅದರ ಅರ್ಥ.

ಇವುಗಳಲ್ಲಿ ಪ್ರತಿಯೊಂದಕ್ಕೂ ಒಂದು ಕಥೆಯುಂಟು. ಆದರೆ ಮೂಲೆಯಲ್ಲಿರುವ ಆ ಸಣ್ಣ ಕತ್ತಿಯ ಕಥೆಯೇ ಎಲ್ಲಕ್ಕಿಂತ ದೊಡ್ಡದು.

ಅದು ಯಾರ ಕತ್ತಿ? ಲಂಡನ್ನಿನ ಜನ ಶತಮಾನಗಳ ಕಾಲ ಕೊಟ್ಟ ಉತ್ತರ ಹೀಗಿದೆ. 1381ರಲ್ಲಿ ಇಂಗ್ಲೆಂಡಿನ ರೈತರು ದಂಗೆಯೆದ್ದರು. ಫ್ರಾನ್ಸಿನೊಡನೆ ನಡೆಯುತ್ತಿದ್ದ ಯುದ್ಧದ ವೆಚ್ಚಕ್ಕೆಂದು ಸರಕಾರವು ಹದಿನೈದು ವರ್ಷ ಮೀರಿದ ಪ್ರತಿಯೊಬ್ಬರ ಮೇಲೂ ಹನ್ನೆರಡು ಪೆನ್ಸಿನ ತಲೆಗಂದಾಯವನ್ನು ಹೇರಿತ್ತು. ಜಮೀನ್ದಾರನಿಗೂ ಅದೇ, ಅವನ ಹೊಲದಲ್ಲಿ ದುಡಿಯುವ ಆಳಿಗೂ ಅದೇ ಎಂಬಂತಿತ್ತು ಆ ಲೆಕ್ಕ. ಕೆಂಟ್, ಎಸೆಕ್ಸ್ ಪ್ರಾಂತಗಳಿಂದ ಸಾವಿರಾರು ಜನ ಹೊರಟು ಜೂನ್ 13ರಂದು ಲಂಡನ್ನನ್ನು ಹೊಕ್ಕರು. ಭೂಮಿಗೆ ಕಟ್ಟಿಬಿದ್ದ ಜೀತವು ತೊಲಗಬೇಕೆಂಬುದು ಅವರ ಮುಖ್ಯ ಬೇಡಿಕೆ. ದಂಗೆಯಲ್ಲಿ ಕೊಲೆಗಳೂ ಸುಲಿಗೆಗಳೂ ನಡೆದುವು, ಅದನ್ನು ಮರೆಮಾಚಬೇಕಾಗಿಲ್ಲ. ಜೂನ್ 15ರಂದು ಸ್ಮಿತ್‌ಫೀಲ್ಡ್ ಎಂಬ ಬಯಲಿನಲ್ಲಿ ಹದಿನಾಲ್ಕು ವರ್ಷದ ಬಾಲಕ ರಾಜ ಎರಡನೆಯ ರಿಚರ್ಡನು ದಂಗೆಯವರ ನಾಯಕ ವಾಟ್ ಟೈಲರನೊಡನೆ ಮಾತುಕತೆಗೆ ನಿಂತನು. ಮಾತು ಮಾತಿಗೆ ಬೆಳೆಯಿತು. ರಾಜನ ಜೊತೆಯಲ್ಲಿದ್ದ ಲಂಡನ್ನಿನ ಮೇಯರ್ ವಿಲಿಯಂ ವಾಲ್ವರ್ತನು ಟೈಲರನನ್ನು ಇರಿದನು. ಟೈಲರನ ತಲೆಯನ್ನು ಕಡಿದು ಲಂಡನ್ ಸೇತುವೆಯ ಮೇಲೆ ಇಟ್ಟರು. ಜೀತ ಬಿಡಿಸುವೆನೆಂದು ರಾಜನು ಕೊಟ್ಟಿದ್ದ ಮಾತುಗಳೂ ಆಮೇಲೆ ರದ್ದಾದುವು. ವಾಲ್ವರ್ತನಿಗೆ ನೈಟ್ ಪದವಿ ದೊರೆಯಿತು.

ಇಷ್ಟು ನಡೆದದ್ದು. ಇದಕ್ಕೆ ಜನ ಸೇರಿಸಿದ್ದು ಇನ್ನೊಂದು ಮಾತು: ಆ ದಿನದ ಸೇವೆಯನ್ನು ಮೆಚ್ಚಿದ ರಾಜನು ಮೇಯರನ ಕಠಾರಿಯನ್ನು ಪುರದ ಲಾಂಛನದಲ್ಲಿ ಸೇರಿಸಿಕೊಟ್ಟನಂತೆ! ವಾಲ್ವರ್ತನು ಮೀನು ವ್ಯಾಪಾರಿ. ಲಂಡನ್ನಿನ ಮೀನು ವ್ಯಾಪಾರಿಗಳ ಸಂಘದ ಭವನದಲ್ಲಿ ಕೈಯಲ್ಲಿ ಕಠಾರಿ ಹಿಡಿದ ಅವನ ಮರದ ವಿಗ್ರಹವಿದೆ. ಈ ಕಥೆಯನ್ನು ಸಾರುವ ಪದ್ಯವೊಂದನ್ನು ಅದಕ್ಕೆ ಹೊಂದಿಸಲಾಗಿತ್ತು. ಟೈಲರನನ್ನು ಇರಿದುದೆಂದು ಹೇಳುವ ಕಠಾರಿಯನ್ನೂ ಅದೇ ಭವನದಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಪದ್ಯ, ವಿಗ್ರಹ, ಆಯುಧ ಮೂರೂ ಒಂದೆಡೆ ಕೂಡಿದರೆ ಸಂಶಯ ಪಡುವವರು ಯಾರು?

ಸಂಶಯ ಪಟ್ಟವನು ಒಬ್ಬ ದರ್ಜಿ. ಅವನ ಹೆಸರು ಜಾನ್ ಸ್ಟೋ. ಹೊಲಿಗೆಯ ಕಸುಬಿನಲ್ಲಿ ಬೆಳೆದ ಈತನಿಗೆ ಹಳೆಯ ಕಾಗದಪತ್ರಗಳ ಹುಚ್ಚು ಹತ್ತಿತು. ತನ್ನ ಊರಿನ ಬೀದಿ ಬೀದಿಯನ್ನು ನಡೆದು, ದಾಖಲೆಗಳನ್ನು ಓದಿ, 1598ರಲ್ಲಿ ಲಂಡನ್ನಿನ ಸಮಗ್ರ ವರ್ಣನೆಯೊಂದನ್ನು ಅಚ್ಚು ಹಾಕಿಸಿದನು. ಅದರಲ್ಲಿ ಅವನು ಕಠಾರಿಯ ಕಥೆಯನ್ನು ಕಟ್ಟುಕಥೆಯೆಂದು ತಳ್ಳಿಹಾಕಿ, ಲಾಂಛನದಲ್ಲಿರುವುದು ಸಂತ ಪಾಲನ ಕತ್ತಿಯೆಂದು ಬರೆದನು. ಅವನ ಆಧಾರವು ಪುರದ ದಾಖಲೆಯೇ. ಮೇಯರನ ಹಳೆಯ ಮುದ್ರೆ ಬಹಳ ಚಿಕ್ಕದು, ಪುರದ ಘನತೆಗೆ ತಕ್ಕುದಲ್ಲ ಎಂದು ತೀರ್ಮಾನಿಸಿ ಸಭೆಯವರು ಅದನ್ನು ಒಡೆಸಿ ಹೊಸ ಮುದ್ರೆಯನ್ನು ಬಳಕೆಗೆ ತಂದರು. ಆ ಹೊಸ ಮುದ್ರೆಯಲ್ಲಿ ಶಿಲುಬೆಯೂ ಕತ್ತಿಯೂ ಇರುವ ಗುರಾಣಿ ಇದೆ. ಹೊಸ ಮುದ್ರೆ ಬಂದ ದಿನ 1381ರ ಏಪ್ರಿಲ್ 17. ಟೈಲರನು ಸತ್ತದ್ದು ಜೂನ್ 15. ಇರಿತಕ್ಕೆ ಎರಡು ತಿಂಗಳು ಮೊದಲೇ ಕತ್ತಿಯು ಲಾಂಛನದಲ್ಲಿತ್ತು ಎಂದ ಮೇಲೆ ಬೇರೆ ವಾದಕ್ಕೆ ಎಡೆಯೆಲ್ಲಿ?

ಇಲ್ಲೊಂದು ಸ್ವಾರಸ್ಯವಿದೆ. ಹೊಸ ಮುದ್ರೆಯನ್ನು ಮಾಡಿಸಿದ ಸಭೆಯನ್ನು ಕರೆದ ಮೇಯರನೂ ಇದೇ ವಾಲ್ವರ್ತನೇ! ಅವನ ಹೆಸರಿಗೂ ಕತ್ತಿಗೂ ನಂಟು ಇದ್ದದ್ದು ನಿಜ. ಆ ನಂಟು ಮುದ್ರೆಯ ಮೇಜಿನ ಬಳಿ ಹುಟ್ಟಿದ್ದು, ಸ್ಮಿತ್‌ಫೀಲ್ಡಿನ ಬಯಲಿನಲ್ಲಲ್ಲ. ಎರಡು ಘಟನೆಗಳೂ ಒಂದೇ ವರ್ಷದಲ್ಲಿ, ಒಬ್ಬನೇ ಮೇಯರನ ಕಾಲದಲ್ಲಿ ನಡೆದುದರಿಂದ ಜನರ ನೆನಪಿನಲ್ಲಿ ಅವು ಸುಲಭವಾಗಿ ಒಂದಕ್ಕೊಂದು ಹೆಣೆದುಕೊಂಡಿರಬೇಕೆಂದು ನಮಗೆ ತೋರುತ್ತದೆ.

ಹಾಗಾದರೆ ಸಂತ ಪಾಲನ ಕತ್ತಿ ಎಂದರೇನು? ಪಾಲನು ಪುರದ ಪೋಷಕ ಸಂತ. ಅಲ್ಲಿನ ಮಹಾದೇವಾಲಯವೂ ಅವನ ಹೆಸರಿನದೇ. ರೋಮಿನಲ್ಲಿ ಅವನನ್ನು ಕತ್ತಿಯಿಂದ ಶಿರಚ್ಛೇದ ಮಾಡಿದರೆಂದು ಕ್ರೈಸ್ತರ ಪರಂಪರೆ ಹೇಳುತ್ತದೆ. ಆದುದರಿಂದ ಚಿತ್ರಗಳಲ್ಲಿ ಪಾಲನ ಕೈಗೆ ಕತ್ತಿಯನ್ನು ಕೊಡುವುದು ಯುರೋಪಿನ ರೂಢಿ. ಪುರದ ಹದಿಮೂರನೆಯ ಶತಮಾನದ ಮುದ್ರೆಯಲ್ಲಿಯೂ ಕತ್ತಿ ಹಿಡಿದ ಪಾಲನಿದ್ದಾನೆ. ಇದು ಕೊಂದವನ ಆಯುಧವೆಂದು ಪ್ರದರ್ಶಿಸಿದ್ದಲ್ಲ, ಕೊಲ್ಲಲ್ಪಟ್ಟವನ ಗುರುತು.

ಎರಡು ಕಥೆಗಳಿಗಿರುವ ಅಂತರ ಇಲ್ಲಿ ಕಾಣುತ್ತದೆ. ಮೇಯರನ ಕಠಾರಿ ಎಂದು ನಂಬಿದರೆ, ಪುರದ ಪ್ರತಿಯೊಬ್ಬ ಪೋಲೀಸನೂ ತೆರಿಗೆಯ ಭಾರಕ್ಕೆ ಸಿಕ್ಕಿ ಅಹವಾಲು ಹೇಳಲು ಬಂದವನನ್ನು ಇರಿದ ಆಯುಧವನ್ನು ಹಣೆಯ ಮೇಲೆ ಹೊತ್ತು ತಿರುಗುತ್ತಿದ್ದಾನೆಂದಾಗುತ್ತದೆ. ಸಂತನ ಕತ್ತಿ ಎಂದರೆ ಅರ್ಥ ಪೂರ್ತಿ ತಿರುಗುತ್ತದೆ. ಪೋಲೀಸು ಪಡೆಯಂಥ ಸಂಸ್ಥೆಯ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಸ್ಟೋ ಬರೆದು ನಾನೂರು ವರ್ಷಗಳು ಕಳೆದರೂ ಕಠಾರಿಯ ಕಥೆ ಇನ್ನೂ ಪೂರ್ತಿ ಸತ್ತಿಲ್ಲ. ಇರಿತದ ಕಥೆಯಲ್ಲಿ ರಾಜನಿದ್ದಾನೆ, ಕುದುರೆಗಳಿವೆ, ರಕ್ತವಿದೆ. ತಾರೀಖಿನಲ್ಲಿ ಇವಾವುವೂ ಇಲ್ಲ.

ನಮ್ಮ ನಾಡಿನಲ್ಲಿಯೂ ಲಾಂಛನಗಳ ಸುತ್ತ ಇಂಥ ಕಥೆಗಳು ಬೆಳೆದಿವೆ. ಗುರುವು 'ಹೊಯ್, ಸಳ' ಎನ್ನಲು ಸಳನು ಮೃಗವನ್ನು ಹೊಡೆದನೆಂಬ ಕಥೆಯನ್ನು ನಾವೆಲ್ಲ ತರಗತಿಯಲ್ಲಿ ಹೇಳಿದ್ದೇವೆ. ಬೇಲೂರು, ಹಳೇಬೀಡುಗಳ ಶಿಲ್ಪವನ್ನು ಅದಕ್ಕೆ ಸಾಕ್ಷಿಯಾಗಿ ತೋರಿಸಿದ್ದೇವೆ. ಆದರೆ ಹುಲಿಯು ಚೋಳರ ಲಾಂಛನವಾಗಿದ್ದುದನ್ನು ಗಮನಿಸಿ, ತಲಕಾಡಿನಲ್ಲಿ ಚೋಳರ ಮೇಲೆ ವಿಷ್ಣುವರ್ಧನನು ಪಡೆದ ವಿಜಯಕ್ಕೂ ಈ ಲಾಂಛನಕ್ಕೂ ಸಂಬಂಧವನ್ನು ಕಾಣುವ ಇತಿಹಾಸಕಾರರೂ ಇದ್ದಾರೆ. ಕಥೆ ಲಾಂಛನವನ್ನು ಹುಟ್ಟಿಸಿತೇ, ಲಾಂಛನ ಕಥೆಯನ್ನು ಹುಟ್ಟಿಸಿತೇ ಎಂದು ಕೇಳುವ ಅಭ್ಯಾಸವನ್ನು ಮಕ್ಕಳಲ್ಲಿ ಬೆಳೆಸಲು ಲಂಡನ್ನಿನ ಕತ್ತಿ ಒಳ್ಳೆಯ ಪಾಠ. ಕಪ್ಪು ಹಲಗೆಯ ಮೇಲೆ ಎರಡು ತಾರೀಖುಗಳನ್ನು ಬರೆದರೆ ಸಾಕು. ಐದನೆಯ ತರಗತಿಯ ಹುಡುಗನೂ ತೀರ್ಪು ಕೊಡಬಲ್ಲನು.

ಸ್ಟೋನ ವಿಷಯವಾಗಿ ಇನ್ನೊಂದು ಮಾತು. ಇಷ್ಟು ಶ್ರಮಿಸಿದ ಈ ವಿದ್ವಾಂಸನು ಮುಪ್ಪಿನಲ್ಲಿ ಬಡತನಕ್ಕೆ ಸಿಕ್ಕಿದನು. ರಾಜ ಮೊದಲನೆಯ ಜೇಮ್ಸನು ಅವನಿಗೆ ನೀಡಿದ ಪುರಸ್ಕಾರವೆಂದರೆ ಜನರಿಂದ ಹಣ ಬೇಡಿಕೊಳ್ಳಲು ಪರವಾನಗಿ! 1605ರಲ್ಲಿ ಅವನು ತೀರಿಕೊಂಡನು. ಪುರದ ಇಗರ್ಜಿಯೊಂದರಲ್ಲಿ ಅವನು ಬರೆಯುತ್ತ ಕುಳಿತಿರುವ ಪ್ರತಿಮೆಯಿದೆ; ಅದರ ಕೈಯಲ್ಲಿರುವ ಗರಿಯ ಲೇಖನಿಯನ್ನು ಕೆಲವು ವರ್ಷಗಳಿಗೊಮ್ಮೆ ವಿಧಿಪೂರ್ವಕವಾಗಿ ಬದಲಾಯಿಸುತ್ತಾರೆ. ಬದುಕಿರುವಾಗ ಲೇಖನಿಗೆ ದೊರೆಯದ ಗೌರವ ಈಗ ದೊರೆಯುತ್ತಿದೆಯೆನ್ನೋಣ.

ಘಟಸರ್ಪಗಳ ಕಥೆ ಇಷ್ಟು ಗಂಭೀರವಾದುದಲ್ಲ. 1381ರ ಮುದ್ರೆಯಲ್ಲಿ ಗುರಾಣಿಯ ಬಳಿ ಇದ್ದುವು ಸಿಂಹಗಳು. ಘಟಸರ್ಪಗಳು ಬಂದದ್ದು ಹದಿನೇಳನೆಯ ಶತಮಾನದಲ್ಲಿ. ಅವು ಎಲ್ಲಿಂದ ಬಂದುವೆಂಬುದಕ್ಕೆ ಬಲ್ಲವರು ಕೊಡುವ ವಿವರಣೆಯು ನಗು ಬರಿಸುವಂತಹದು. 1539ರ ಮುದ್ರೆಯೊಂದರಲ್ಲಿ ಶಿರಸ್ತ್ರಾಣದ ಮುಡಿಯ ಮೇಲೆ ಬೀಸಣಿಗೆಯಂತಹ ವಸ್ತುವಿದೆ. ಅದರ ಮೇಲೆ ಒಂದು ಶಿಲುಬೆ. ಮುಂದೆ ಒಬ್ಬರದನ್ನು ನೋಡಿ ಒಬ್ಬರು ಬರೆಯುತ್ತ ಹೋದ ಚಿತ್ರಕಾರರ ಕೈಯಲ್ಲಿ ಆ ಬೀಸಣಿಗೆ ಘಟಸರ್ಪದ ರೆಕ್ಕೆಯಾಗಿ ಮಾರ್ಪಟ್ಟಿತು. ರೆಕ್ಕೆ ಬಂದ ಮೇಲೆ ಇಡೀ ಪ್ರಾಣಿ ಬರಲು ತಡವೇನು! ಸಂತ ಜಾರ್ಜನು ಘಟಸರ್ಪವನ್ನು ಕೊಂದ ಕಥೆಯೂ ಇದಕ್ಕೆ ಒತ್ತಾಸೆಯಾಗಿರಬಹುದು. ಇಂಗ್ಲೆಂಡಿನಲ್ಲಿ ಲಾಂಛನಗಳನ್ನು ಅನುಗ್ರಹಿಸಲು ಒಂದು ರಾಜಸಂಸ್ಥೆಯೇ ಉಂಟು. ಅದರ ಅನುಮತಿಯನ್ನು ಪಡೆಯದೆಯೇ ಪುರದವರು ಘಟಸರ್ಪಗಳನ್ನೂ ರೆಕ್ಕೆಯನ್ನೂ ಮುನ್ನೂರು ವರ್ಷಗಳಿಗೂ ಮೇಲ್ಪಟ್ಟು ಬಳಸಿದರು. ಕೊನೆಗೆ 1957ರ ಏಪ್ರಿಲ್ 30ರಂದು ವಿಧ್ಯುಕ್ತವಾದ ಸನ್ನದು ದೊರೆಯಿತು. ಕಾನೂನನ್ನು ಕಾಯುವ ಪೋಲೀಸರು ನೂರಕ್ಕೂ ಹೆಚ್ಚು ವರ್ಷ ಕಾನೂನಿನ ಮುದ್ರೆ ಬೀಳದ ಮೃಗಗಳನ್ನು ತಲೆಯ ಮೇಲೆ ಹೊತ್ತಿದ್ದರೆಂದು ಚೇಷ್ಟೆ ಮಾಡುವವರು ಮಾಡಬಹುದು.

ಇಂಗ್ಲೆಂಡಿನ ಇತರ ಪೋಲೀಸರ ಶಿರಸ್ತ್ರಾಣದ ಮೇಲೆ ಸಾಮಾನ್ಯವಾಗಿ ಇರುವುದು ಎಂಟು ಮೊನೆಗಳ ನಕ್ಷತ್ರ, ಅದರ ಮೇಲೊಂದು ರಾಜಕಿರೀಟ. ಈ ನಕ್ಷತ್ರಕ್ಕೆ ಜರ್ಮನಿಯಿಂದ ಬಂದ ಅರಸುಮನೆತನದ ನೆನಪಿಗೆ ಬ್ರನ್ಸ್‌ವಿಕ್ ನಕ್ಷತ್ರವೆಂದು ಹೆಸರು. ಮಹಾನಗರದ ಪೋಲೀಸರ ನಕ್ಷತ್ರದ ನಡುವೆ ಆಳುವ ರಾಜನ ಹೆಸರಿನ ಅಕ್ಷರಗಳಿರುತ್ತವೆ. ಪುರದ ಪೋಲೀಸರ ಶಿರಸ್ತ್ರಾಣದಲ್ಲಿ ನಕ್ಷತ್ರವೂ ಇಲ್ಲ, ಕಿರೀಟವೂ ಇಲ್ಲ. ಪುರದ ಲಾಂಛನವೊಂದೇ ಇದೆ. ಶಿರಸ್ತ್ರಾಣದ ಆಕಾರವೂ ತುಸು ಬೇರೆ: ನೆತ್ತಿಯ ಮೇಲೆ ಹುಂಜದ ಜುಟ್ಟಿನಂತೆ ಒಂದು ಏಣು ಹಾದುಹೋಗಿದೆ. ಇತರ ಪಡೆಗಳ ಬಿಲ್ಲೆಗಳು ಬೆಳ್ಳಿಯ ಬಣ್ಣದವಾದರೆ ಇವರವು ಚಿನ್ನದ ಬಣ್ಣದವು.

ಗುರಾಣಿಯ ಕೆಂಪು ಬಿಳುಪುಗಳು ಬಟ್ಟೆಗೂ ಇಳಿದುಬಂದಿವೆ. ಹಿಂದಿನ ಕಾಲದಲ್ಲಿ ಪೋಲೀಸನು ಕೆಲಸವಿಲ್ಲದ ಹೊತ್ತಿನಲ್ಲಿಯೂ ಸಮವಸ್ತ್ರವನ್ನೇ ಧರಿಸಬೇಕಿದ್ದುದರಿಂದ, ಕೆಲಸದ ಮೇಲಿದ್ದಾನೆಂದು ತಿಳಿಸಲು ತೋಳಿಗೆ ಒಂದು ಪಟ್ಟಿ ಕಟ್ಟುತ್ತಿದ್ದರು. ಮಹಾನಗರದವರದು ನೀಲಿ ಬಿಳಿ ಗೆರೆಗಳ ಪಟ್ಟಿ, ಪುರದವರದು ಕೆಂಪು ಬಿಳಿ ಗೆರೆಗಳದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಿನನಿತ್ಯದ ಕೆಲಸದಿಂದ ಇದು ಮರೆಯಾಯಿತು. ಉತ್ಸವದ ದಿನಗಳಲ್ಲಿ ಪುರದವರು ಈಗಲೂ ಕಟ್ಟುತ್ತಾರೆ. 1932ರಲ್ಲಿ ಗ್ಲಾಸ್ಗೋ ನಗರದ ಪೋಲೀಸ್ ಮುಖ್ಯಸ್ಥ ಪರ್ಸಿ ಸಿಲಿಟೋ ಎಂಬವನು ತನ್ನ ಪೋಲೀಸರ ಚಪ್ಪಟೆ ಟೋಪಿಯ ಸುತ್ತ ಕಪ್ಪು ಬಿಳಿ ಚೌಕುಳಿಯ ಪಟ್ಟಿಯನ್ನು ಹೊಲಿಸಿದನು. ಬಸ್ಸಿನವರೂ ಅಂಚೆಯವರೂ ಅಂಥದೇ ಟೋಪಿ ಹಾಕುತ್ತಿದ್ದುದರಿಂದ ಪೋಲೀಸನನ್ನು ಗುರುತಿಸುವುದು ಜನರಿಗೆ ಕಷ್ಟವಾಗಿತ್ತು. ಸ್ಕಾಟಿಷ್ ಸೈನಿಕರ ಟೋಪಿಯ ಅಂಚಿನಿಂದ ತೆಗೆದುಕೊಂಡ ಆ ಚೌಕುಳಿ ಮುಂದೆ ಆಸ್ಟ್ರೇಲಿಯದವರೆಗೂ ಹಬ್ಬಿತು. ಪುರದವರು ಅದನ್ನು ಸ್ವೀಕರಿಸಿದಾಗಲೂ ತಮ್ಮ ಹಟವನ್ನು ಬಿಡಲಿಲ್ಲ. ಅವರ ಚೌಕುಳಿ ಕೆಂಪು ಬಿಳಿಯದು.

ಇಷ್ಟೆಲ್ಲ ಬಣ್ಣಭೇದದಿಂದ ಪ್ರಯೋಜನವೇನೆಂದು ಕೇಳುವವರಿಗೆ 1888ರ ಒಂದು ರಾತ್ರಿಯನ್ನು ನೆನಪಿಸಬೇಕು. ಆ ವರ್ಷ ಲಂಡನ್ನಿನ ಬಡವರ ಕೇರಿಯಲ್ಲಿ ಒಬ್ಬ ಅಜ್ಞಾತ ಕೊಲೆಗಾರನು ಹೆಂಗಸರನ್ನು ಕೊಲ್ಲುತ್ತಿದ್ದನು. ಸೆಪ್ಟೆಂಬರ್ 30ರ ನಸುಕಿಗೆ ಮುಂಚೆ ಒಂದು ಕೊಲೆ ಪುರದ ಸೀಮೆಯೊಳಗೆ ಆಯಿತು. ಸತ್ತವಳ ಮೇಲುಡುಪಿನ ತುಂಡೊಂದು ಕೆಲವು ಬೀದಿಗಳಾಚೆ, ಮಹಾನಗರದ ಪೋಲೀಸರ ಸೀಮೆಯಲ್ಲಿ, ಸಿಕ್ಕಿತು. ಅದರ ಮೇಲ್ಗಡೆ ಗೋಡೆಯಲ್ಲಿ ಸೀಮೆಸುಣ್ಣದ ಬರಹವಿತ್ತು. ಬೆಳಕು ಹರಿದೊಡನೆ ಅದರ ಛಾಯಾಚಿತ್ರ ತೆಗೆಯಬೇಕೆಂದು ಪುರದ ಪತ್ತೇದಾರರು ಹೇಳಿದರು. ಬರಹದಲ್ಲಿ ಯಹೂದಿಗಳ ಹೆಸರಿದ್ದುದರಿಂದ ಗಲಭೆಯಾದೀತೆಂದು ಮಹಾನಗರದ ಕಮಿಷನರ್ ಸರ್ ಚಾರ್ಲ್ಸ್ ವಾರನ್ನನು ಅದನ್ನು ಕೂಡಲೇ ಅಳಿಸಿಹಾಕಿಸಿದನು. ಕೊಲೆ ಒಬ್ಬರ ಬಿಲ್ಲೆಗೆ ಸೇರಿದ್ದು, ಗೋಡೆ ಇನ್ನೊಬ್ಬರ ಬಿಲ್ಲೆಗೆ! ವಾರನ್ನನ ಭಯವು ನಿರಾಧಾರವಾಗಿರಲಿಲ್ಲ. ಆದರೆ ಕಾವಲಿನವರನ್ನು ನಿಲ್ಲಿಸಿ ಒಂದು ಗಂಟೆ ಕಾದಿದ್ದರೆ ಸಾಕ್ಷ್ಯವೂ ಉಳಿಯುತ್ತಿತ್ತೆಂಬುದು ನಮ್ಮ ಅಭಿಪ್ರಾಯ. ಕೊಲೆಗಾರನು ಸಿಗಲೇ ಇಲ್ಲ.

ಇನ್ನೊಂದು ಘಟನೆ 1910ರ ಡಿಸೆಂಬರ್ 16ರದು. ಹೌಂಡ್ಸ್‌ಡಿಚ್ ಎಂಬಲ್ಲಿ ಕಳ್ಳರು ಚಿನ್ನದಂಗಡಿಯ ಗೋಡೆಯನ್ನು ಹಿಂಬದಿಯಿಂದ ಕೊರೆಯುತ್ತಿದ್ದರು. ಸದ್ದು ಕೇಳಿದವರು ತಿಳಿಸಲು, ಪುರದ ಪೋಲೀಸರು ಹೋಗಿ ಬಾಗಿಲು ತಟ್ಟಿದರು. ಒಳಗಿನವರು ಪಿಸ್ತೂಲುಗಳಿಂದ ಗುಂಡು ಹಾರಿಸಿದರು. ಸಾರ್ಜೆಂಟ್ ಟಕರ್, ಸಾರ್ಜೆಂಟ್ ಬೆಂಟ್ಲಿ, ಪೇದೆ ಚೋಟ್ ಈ ಮೂವರು ಮಡಿದರು. ಚೋಟನು ಗುಂಡುಗಳು ನಾಟಿದರೂ ಹಿಡಿದವನನ್ನು ಬಿಡಲಿಲ್ಲ. ಪೋಲೀಸರ ಬಳಿ ಇದ್ದುದು ಮರದ ದೊಣ್ಣೆ ಮಾತ್ರ. ಕತ್ತಿ ಇದ್ದದ್ದು ಅವರ ಶಿರಸ್ತ್ರಾಣದ ಬಿಲ್ಲೆಯಲ್ಲಿ. ಅವರಿಗಾಗಿ ಪ್ರಾರ್ಥನೆ ನಡೆದದ್ದು ಸಂತ ಪಾಲನ ಮಹಾದೇವಾಲಯದಲ್ಲಿ.

ಪುರದ ಪೋಲೀಸರಿಗೆ ಕೀರ್ತಿಯೂ ಒಮ್ಮೊಮ್ಮೆ ವಿಚಿತ್ರ ದಾರಿಯಿಂದ ಬಂದಿದೆ. 1908ರ ಒಲಿಂಪಿಕ್ ಕ್ರೀಡೆಗಳಲ್ಲಿ ಹಗ್ಗಜಗ್ಗಾಟದ ಚಿನ್ನದ ಪದಕ ಅವರದಾಯಿತು. ಲಿವರ್‌ಪೂಲಿನ ಪೋಲೀಸರು ಎರಡನೆಯವರು, ಮಹಾನಗರದ ಪೋಲೀಸರು ಮೂರನೆಯವರು. 1920ರಲ್ಲಿ ಅವರ ಬಲದಿಂದಲೇ ಬ್ರಿಟನ್ ಮತ್ತೆ ಗೆದ್ದಿತು. ಆಮೇಲೆ ಆ ಪಂದ್ಯವನ್ನೇ ಒಲಿಂಪಿಕ್ಕಿನಿಂದ ತೆಗೆದುಹಾಕಿದರು. ನಮ್ಮ ಶಾಲೆಯ ಮಕ್ಕಳಿಗೆ ಇದು ತಿಳಿದರೆ ವಾರ್ಷಿಕೋತ್ಸವದ ಹಗ್ಗಜಗ್ಗಾಟಕ್ಕೆ ಹುರುಪು ಹೆಚ್ಚಬಹುದು.

ಪುರದ ಸೀಮೆ ಎಲ್ಲಿಂದ ಎಲ್ಲಿಗೆಂದು ತೋರಿಸಲು ಈಗ ರಸ್ತೆಗಳ ಬದಿಯಲ್ಲಿ ಬೆಳ್ಳಿಯ ಬಣ್ಣದ ಘಟಸರ್ಪಗಳು ಗುರಾಣಿ ಹಿಡಿದು ನಿಂತಿವೆ. ಇವುಗಳಲ್ಲಿ ಮೂಲದವು ಎರಡೇ. ಸುಮಾರು ಏಳು ಅಡಿ ಎತ್ತರದ ಈ ಎರಕದ ಕಬ್ಬಿಣದ ಮೃಗಗಳು 1849ರಲ್ಲಿ ಕಲ್ಲಿದ್ದಲ ವ್ಯಾಪಾರದ ಕಟ್ಟಡವೊಂದರ ಮೇಲೆ ಇದ್ದುವು. ಆ ಕಟ್ಟಡವನ್ನು ಕೆಡವಿದ ಮೇಲೆ, 1963ರಲ್ಲಿ, ಅವುಗಳನ್ನು ಥೇಮ್ಸ್ ದಂಡೆಯ ರಸ್ತೆಯಲ್ಲಿ ಪುರದ ಎಲ್ಲೆಗೆ ತಂದು ನಿಲ್ಲಿಸಿದರು. ಅರ್ಧ ಅಳತೆಯ ಪ್ರತಿಗಳನ್ನು ಮಾಡಿಸಿ ಇತರ ದಾರಿಗಳಲ್ಲಿ ಇಟ್ಟರು. ಫ್ಲೀಟ್ ಬೀದಿಯ ತುದಿಯಲ್ಲಿ, ಟೆಂಪಲ್ ಬಾರ್ ಎಂಬ ಹಳೆಯ ಹೆಬ್ಬಾಗಿಲಿದ್ದ ಸ್ಥಳದಲ್ಲಿ, 1880ರಿಂದ ಇನ್ನೊಂದು ಘಟಸರ್ಪವಿದೆ. ಲಂಡನ್ನಿನವರು ಅದನ್ನು ಹದ್ದಿನ ಮುಖವೂ ಸಿಂಹದ ಒಡಲೂ ಉಳ್ಳ 'ಗ್ರಿಫಿನ್' ಎಂದೇ ತಪ್ಪಾಗಿ ಕರೆಯುತ್ತಾರೆ. ರಾಜರು ವೈಭವದಿಂದ ಪುರಕ್ಕೆ ಬರುವಾಗ ಇಲ್ಲಿ ನಿಲ್ಲುವುದು ಸಂಪ್ರದಾಯ. ಲಾರ್ಡ್ ಮೇಯರ್ ಮುತ್ತಿನ ಕತ್ತಿಯನ್ನು ಅವರ ಮುಂದೆ ಒಪ್ಪಿಸುತ್ತಾರೆ. ರಾಜರು ಅದನ್ನು ಮುಟ್ಟಿ ಹಿಂದಕ್ಕೆ ಕೊಡುತ್ತಾರೆ.

2022ರ ಸೆಪ್ಟೆಂಬರಿನಲ್ಲಿ ರಾಣಿ ಎರಡನೆಯ ಎಲಿಜಬೆತ್ ತೀರಿಕೊಂಡು ಮೂರನೆಯ ಚಾರ್ಲ್ಸ್ ಪಟ್ಟಕ್ಕೆ ಬಂದರು. ಹೊಸ ರಾಜರು ತಮ್ಮ ಮುದ್ರಿಕೆಗೆ ಬೇರೆ ಆಕಾರದ ಕಿರೀಟವನ್ನು ಆರಿಸಿಕೊಂಡರು. ಮಹಾನಗರದ ಪೋಲೀಸರ ಬಿಲ್ಲೆಯಲ್ಲಿ ರಾಣಿಯ ಹೆಸರಿನ ಅಕ್ಷರಗಳಿಗೆ ಬದಲಾಗಿ ರಾಜರ ಹೆಸರಿನ ಅಕ್ಷರಗಳು ಬರಬೇಕಾಯಿತು; ಕಿರೀಟ ಧರಿಸಿದ ಇತರ ಪಡೆಗಳ ಬಿಲ್ಲೆಗಳಿಗೂ ಇದೇ ಪ್ರಸಂಗ. ಪುರದ ಪೋಲೀಸರ ಶಿರಸ್ತ್ರಾಣದಲ್ಲಿ ಬದಲಾಯಿಸಲು ಏನೂ ಇರಲಿಲ್ಲ.